ತಲೆ ಹೋದ ಫೈಲು ಮತ್ತು ಚಿಗಟೇರಿಯ ದುರುಗಮ್ಮ

ಕಂಪ್ಯೂಟರ್ ಕೆಲಸಕ್ಕೆಂದು ಸೇರಿದ ದಿನ ನನಗೆ ವಹಿಸಿದ್ದು ಬಾಗಿಲಲ್ಲಿ ನಿಂತು ಜನರ ಚಪ್ಪಲಿ ಬಿಡಿಸುವ ಕೆಲಸ. ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಹಿಟ್ಟಿನ ಗಿರಣಿ, ಅದರ ಮಾಳಿಗೆಯ ಮೇಲೆ ರುದ್ರಮುನಿ ಮೇಷ್ಟ್ರ ಕಂಪ್ಯೂಟರ್ ಸೆಂಟರು. ಕೆಳಗೆ ಜೋಳದ ಹಿಟ್ಟು ಹಾರುತ್ತಿತ್ತು, ಮೇಲೆ ಎರಡು ಕಂಪ್ಯೂಟರುಗಳು ಟವೆಲ್ ಹೊದ್ದುಕೊಂಡು ಕೂತಿರುತ್ತಿದ್ದವು. ಒಳಗೆ ಧೂಳು ಹೊಕ್ಕರೆ ಅವು ಸಾಯುತ್ತವೆ ಎಂದು ಮೇಷ್ಟ್ರು ನಂಬಿದ್ದರು. ಹಾಗಾಗಿ ಕಾಲು ತೊಳೆದು ಬಂದವರಿಗಷ್ಟೇ ಒಳಗೆ ಪ್ರವೇಶ.

ನಮ್ಮಪ್ಪ ಹಗರಿಬೊಮ್ಮನಹಳ್ಳಿಯಲ್ಲಿ ಹತ್ತಿ ಬಿಡಿಸುವ ಜಿನ್ನಿನಲ್ಲಿ ಅಂಡಿಗೆ ಹೊರುತ್ತಿದ್ದ. ನನ್ನ ಕೆಲಸ ನೋಡಲು ಒಮ್ಮೆ ಬಂದವನು, ನಾನು ಕುರ್ಚಿಯ ಮೇಲೆ ಕೂತು ಕೀಲಿಮಣೆ ಒತ್ತುವುದನ್ನು ಬಾಗಿಲಲ್ಲೇ ನಿಂತು ನೋಡಿ, "ಕುಂತು ಮಾಡೋ ಕೆಲಸಕ್ಕೂ ಪಗಾರ ಕೊಡ್ತಾರೇನ್ರಿ ಮೇಷ್ಟ್ರ?" ಎಂದು ಕೇಳಿದ. ಮೇಷ್ಟ್ರು ನಕ್ಕು, "ಆಕಿ ತಲೀಲೆ ಹೊರ್ತಾಳ್ರಿ, ನೀವು ಬೆನ್ನೀಲೆ ಹೊರ್ತೀರಿ. ಭಾರ ಅಷ್ಟ ಐತಿ," ಅಂದರು. ಅಪ್ಪ ಆ ಮಾತನ್ನು ಜಿನ್ನಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಈಗ ನಾನು ನಿವೃತ್ತಳು. ಊರಿನ ಹುಡುಗಿಯರು, ಅದರಲ್ಲೂ ನಮ್ಮಂಥ ದುಡಿಯುವವರ ಮನೆಯಿಂದ ಮೊದಲ ಸಲ ಕುರ್ಚಿಯ ಕೆಲಸಕ್ಕೆ ಹೊರಟವರು, "ಕೊಟ್ರಮ್ಮಕ್ಕ, ಆ ಕೆಲ್ಸ ಹೆಂಗಿರ್ತತಿ?" ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಂಬಳ ಎಷ್ಟು ಏರಿತು, ಹುದ್ದೆ ಏನಾಯಿತು ಎಂಬುದು ಇದರಲ್ಲಿಲ್ಲ. ನೆನಪಿನಲ್ಲಿ ಉಳಿದದ್ದು ಅವಲ್ಲ.

ನನ್ನ ಕೆಲಸದ ಒಂದು ದೊಡ್ಡ ಭಾಗ, ತೆರೆಯದ ಫೈಲುಗಳನ್ನು ಓದುವುದು. ಫೈಲು ಅಂದರೆ ಹೊರಗಿನಿಂದ ಫೋಟೋ, ಹಾಡು, ಪುಸ್ತಕ. ಒಳಗೆ ಎಲ್ಲವೂ ಬೈಟುಗಳ ಸಾಲು, ಒಂದರ ಹಿಂದೆ ಒಂದು ಅಂಕಿ. ಸಾಲಿನ ತಲೆಯ ಭಾಗದಲ್ಲಿ 'ನಾನು ಇಂಥ ಫೈಲು, ಇಷ್ಟು ಅಗಲ, ಇಷ್ಟು ಉದ್ದ' ಎಂಬ ವಿವರವಿರುತ್ತದೆ. ಆ ತಲೆ ಕೆಟ್ಟರೆ ಸಾಫ್ಟ್‌ವೇರು ಫೈಲನ್ನು ಮುಟ್ಟುವುದೇ ಇಲ್ಲ. ಒಳಗಿನದೆಲ್ಲ ಚೆನ್ನಾಗಿದ್ದರೂ 'ಇದು ನನ್ನದಲ್ಲ' ಅನ್ನುತ್ತದೆ. ಅಂಥ ಹೊತ್ತಿನಲ್ಲಿ ನಾವೇ ಒಂದು ಸಣ್ಣ ಪ್ರೋಗ್ರಾಮು ಬರೆದು, ತಲೆಯನ್ನು ದಾಟಿ, ಬೇಕಾದ ಜಾಗಕ್ಕೆ ಹೋಗಿ, ಅಲ್ಲಿಂದ ಓದಬೇಕು.

ಇದನ್ನು ಮೇಷ್ಟ್ರು ನನಗೆ ಹೇಳಿಕೊಟ್ಟದ್ದು ಬಸ್ಸಿನಲ್ಲಿ. ಕೂಡ್ಲಿಗಿಯ ಒಂದು ಶಾಲೆಯಲ್ಲಿ ಕಂಪ್ಯೂಟರು ತೋರಿಸಿ ವಾಪಸು ಬರುತ್ತಿದ್ದೆವು. ಸಿ ಭಾಷೆಯಲ್ಲಿ ಫೈಲು ಓದುವುದನ್ನು ಆಗಷ್ಟೇ ಕಲಿತಿದ್ದೆ. ಮೊದಲಿನಿಂದ ಶುರು ಮಾಡಿ ಬೈಟು ಬೈಟು ಓದುತ್ತಾ ಹೋಗುವುದೊಂದೇ ದಾರಿ ಅಂದುಕೊಂಡಿದ್ದೆ.

"ಕೊಟ್ರಮ್ಮ, ಈ ಬಸ್ಸು ಕೂಡ್ಲಿಗಿ ಬಿಟ್ಟು ಹರಪನಹಳ್ಳಿಗೆ ಹೊಂಟೈತಿ. ನಡುವ ಕೊಟ್ಟೂರಾಗ ಹತ್ತೋನು ಕೂಡ್ಲಿಗಿಗೆ ಹೋಗೇ ಹತ್ತಬೇಕೇನು?"

"ಇಲ್ರಿ."

"ಮತ್ತ? ಫೈಲಿಗೂ ಹಂಗ. ಕೂಡ್ಲಿಗಿಯಿಂದ ಇಷ್ಟು ದೂರ ಅಂತ ಹೇಳಬಹುದು. ಈಗ ಕುಂತ ಜಾಗದಿಂದ ಇಷ್ಟು ಮುಂದ ಅನ್ನಬಹುದು. ಹರಪನಹಳ್ಳಿಯಿಂದ ಇಷ್ಟು ಹಿಂದ ಅಂತನೂ ಹೇಳಬಹುದು. ಮೂರೂ ಸರಿ. ನಿನಗ ಯಾವುದು ಗೊತ್ತೈತೋ ಅದರಿಂದ ಎಣಿಸು."

ಫೈಲಿನೊಳಗೆ ಬೇಕಾದ ಜಾಗಕ್ಕೆ ಹೋಗುವ ಸೀಕ್ ಎಂಬ ಆಜ್ಞೆಗೆ ಇರುವುದು ಈ ಮೂರೇ ಬಗೆ: ಆರಂಭದಿಂದ, ಇದ್ದಲ್ಲಿಂದ, ಕಡೆಯಿಂದ. ಆಮೇಲೆ ಭಾಷೆಗಳು ಬದಲಾದವು, ಸಿ ಹೋಗಿ ಪೈಥಾನ್ ಬಂತು, ಪುಟಗಟ್ಟಲೆ ಬರೆಯುತ್ತಿದ್ದದ್ದು ನಾಲ್ಕು ಸಾಲಿಗೆ ಇಳಿಯಿತು. ಆ ಮೂರು ಬಗೆ ಮಾತ್ರ ಹಾಗೇ ಇವೆ.

ಮೇಷ್ಟ್ರ ಹತ್ತಿರ ಕಲಿತ ಇನ್ನೊಂದು ಪಾಠಕ್ಕೆ ಬೆಲೆ ತೆತ್ತವರು ಅವರೇ. ಹಡಗಲಿಯಿಂದ ಒಬ್ಬ ನಿವೃತ್ತ ಶಿಕ್ಷಕರು ಬರುತ್ತಿದ್ದರು. ತಮ್ಮೂರಿನ ಮುದುಕಿಯೊಬ್ಬಳಿಂದ ಬೀಸುವ ಪದಗಳನ್ನು ಹಾಡಿಸಿಕೊಂಡು ಬರೆದು, ನಮ್ಮಲ್ಲಿ ಕನ್ನಡದಲ್ಲಿ ಟೈಪು ಮಾಡಿಸಿದ್ದರು. ಕೈಬರಹದ ಹಾಳೆಗಳನ್ನು ಗೆದ್ದಲು ತಿಂದಿತ್ತು. ಉಳಿದಿದ್ದು ಒಂದು ಫ್ಲಾಪಿ. ಪುಸ್ತಕ ಅಚ್ಚು ಹಾಕಿಸಬೇಕೆಂದು ಅದನ್ನು ತಂದಾಗ ಫೈಲು ತೆರೆಯಲಿಲ್ಲ. ತಲೆಯ ಭಾಗ ಕೆಟ್ಟಿತ್ತು, ಒಳಗೆ ಹಾಡುಗಳಿದ್ದವು. ಮೇಷ್ಟ್ರು ಉತ್ಸಾಹದಿಂದ, "ಕೂಡ್ರಿ ಸರ, ಚಾ ಕುಡಿಯೋದ್ರಾಗ ತಕ್ಕೊಡ್ತೀನಿ," ಎಂದು ಪ್ರೋಗ್ರಾಮು ಬರೆಯಲು ಕೂತರು.

ಫೈಲನ್ನು ತೆರೆಯುವಾಗ 'ಓದಲು' ಎಂದು ಹೇಳಬೇಕಾದ ಕಡೆ ಒಂದು ಅಕ್ಷರ ತಪ್ಪಿ 'ಬರೆಯಲು' ಎಂದಾಯಿತು. ಬರೆಯಲು ತೆರೆದ ಫೈಲಿನಲ್ಲಿ ಹಳೆಯದೆಲ್ಲ ಅಳಿಸಿಹೋಗಿ ಅದು ಖಾಲಿಯಾಗುತ್ತದೆ. ಪರದೆಯ ಮೇಲೆ ಫೈಲಿನ ಗಾತ್ರ ಸೊನ್ನೆ ಎಂದು ಬಂತು. ಎದುರಿಗೆ ಕೂತಿದ್ದ ಶಿಕ್ಷಕರಿಗೆ ಏನೂ ಗೊತ್ತಾಗಿರಲಿಲ್ಲ. 'ಫ್ಲಾಪಿ ಸತ್ತೈತ್ರಿ' ಅಂದಿದ್ದರೆ ಮುಗಿದಿತ್ತು, ಯಾರೂ ಪ್ರಶ್ನಿಸುತ್ತಿರಲಿಲ್ಲ. ಮೇಷ್ಟ್ರು ಎದ್ದು ನಿಂತು ಹೇಳಿದರು:

"ಸರ, ನಿಮ್ಮ ಹಾಡು ಇದ್ವು. ನಾನು ಅಳಿಸಿಬಿಟ್ಟೆ. ತಪ್ಪು ಫ್ಲಾಪಿದಲ್ಲ, ನಂದು."

ಶಿಕ್ಷಕರು ಖಾಲಿ ಫ್ಲಾಪಿಯನ್ನು ಕೈಗೆ ತೆಗೆದುಕೊಂಡು ತಿರುವಿ ನೋಡಿದರು. ಕೊನೆಗೆ, "ಹಾಡಿದಾಕಿ ಇನ್ನೂ ಅದಾಳ್ರಿ. ಬರ್ರಿ ಹಡಗಲಿಗೆ. ಮತ್ತೊಮ್ಮಿ ಕೇಳಿ ನೋಡೂಣು," ಅಂದರು.

ಮುಂದಿನ ಭಾನುವಾರ ಮೇಷ್ಟ್ರು, ನಾನು, ಒಂದು ಟೇಪ್‌ರೆಕಾರ್ಡರು ಹಡಗಲಿಯ ಬಸ್ಸು ಹತ್ತಿದೆವು. ಮುದುಕಿ ಮೊದಲು ಬೈದಳು. ಆಮೇಲೆ ಎಲೆಅಡಿಕೆ ಹಾಕಿಕೊಂಡು ಹಾಡಲು ಶುರು ಮಾಡಿದಳು. ನಿಲ್ಲಲೇ ಇಲ್ಲ. ಶಿಕ್ಷಕರು ಬೆರಗಾಗಿ, "ಅಜ್ಜಿ, ಇವೆಲ್ಲ ಆಗ ಹಾಡಿರಲಿಲ್ಲಲ್ಲ?" ಎಂದರು.

"ಆವಾಗ ನಮ್ಮತ್ತಿ ಒಳಗ ಮಲಗಿದ್ಲಪ್ಪ. ಅತ್ತಿ ಮ್ಯಾಲಿನ ಪದ ಅತ್ತಿ ಕೇಳಂಗ ಹಾಡ್ತಾರೇನು?"

ಬರುವಾಗ ಬಸ್ಸಿನಲ್ಲಿ ಮೇಷ್ಟ್ರು ನಗುತ್ತಲೇ ಇದ್ದರು, ಆದರೆ ಅವರ ಕಣ್ಣು ಒದ್ದೆಯಾಗಿತ್ತು. ಅದಾದ ಮೇಲೆ ನಮ್ಮ ಸೆಂಟರಿನ ಗೋಡೆಯ ಮೇಲೆ ಅವರೇ ಸುಣ್ಣದಲ್ಲಿ ಬರೆದರು: 'ಮೊದಲು ನಕಲು ಮಾಡು. ಮೂಲವನ್ನು ಓದಲು ಮಾತ್ರ ತೆರೆ.' ಈ ಕೆಲಸಕ್ಕೆ ಬರುವವರೇ, ನನ್ನಿಂದ ಒಂದೇ ಮಾತು ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳಿ.

ಊರೂರಿಗೂ ಕಂಪ್ಯೂಟರ್ ಸೆಂಟರುಗಳಾದ ಮೇಲೆ ನಮ್ಮಲ್ಲಿಗೆ ಬರುವವರು ಕಡಿಮೆಯಾದರು. ಮೇಷ್ಟ್ರು ತಮ್ಮ ಸೆಂಟರು ಮುಚ್ಚುವ ಮೊದಲು ನನಗೊಂದು ದಾರಿ ಮಾಡಿಕೊಟ್ಟರು. ನಾನು ಮದುವೆಯಾಗಿ ಹರಪನಹಳ್ಳಿಗೆ ಬಂದಿದ್ದೆ. ಅಲ್ಲಿನ ಒಂದು ಎಕ್ಸ್‌ರೇ ಮತ್ತು ಸ್ಕ್ಯಾನಿಂಗ್ ಕೇಂದ್ರದ ಡಾಕ್ಟರ್ ವಾಮದೇವಪ್ಪನವರ ಬಳಿ ಸ್ವತಃ ಕರೆದುಕೊಂಡು ಹೋಗಿ, "ಸರ, ಈಕಿಗೆ ಗೊತ್ತಿಲ್ಲದ್ದು ಬಂದ್ರ ಗೊತ್ತಿಲ್ಲ ಅಂತಾಳ. ಅದಕ್ಕ ಇಟ್ಕೊಳ್ರಿ," ಎಂದರು. ಇದಕ್ಕಿಂತ ದೊಡ್ಡ ಪ್ರಮಾಣಪತ್ರ ನನಗೆ ಆಮೇಲೆಯೂ ಯಾರೂ ಕೊಡಲಿಲ್ಲ.

ವಾಮದೇವಪ್ಪ ಡಾಕ್ಟರಿಗೆ ಮಾತು ಕಡಿಮೆ, ಸಿಟ್ಟು ಜಾಸ್ತಿ. ವರದಿಯಲ್ಲಿ ಒಂದು ಕಾಗುಣಿತ ತಪ್ಪಿದರೆ ಹಾಳೆಯನ್ನು ಮಡಚಿ ನಮ್ಮ ಮೇಜಿಗೆ ತಳ್ಳುತ್ತಿದ್ದರು. ಮೊದಲ ವರ್ಷ ಅವರನ್ನು ಕಂಡರೆ ನನಗೆ ಹೆದರಿಕೆ. ಎಕ್ಸ್‌ರೇ ತೆಗೆಯುವ ಖಾಸಿಂ ಸಾಬರು ನನಗೆ ಧೈರ್ಯ ಹೇಳುತ್ತಿದ್ದರು: "ಅರೆ ಬೇಟಿ, ಸಾಹೇಬ್ರು ಕಾಗದ ಒಗೀತಾರ, ಮನಷ್ಯಾರನ್ನ ಒಗಿಯಂಗಿಲ್ಲ. ಇಪ್ಪತ್ತು ವರ್ಷ ಆತು, ನಾನು ಇಲ್ಲೇ ಅದೀನಿ ನೋಡು."

ಆ ದಿನಗಳಲ್ಲಿ ಫಿಲ್ಮನ್ನು ಕತ್ತಲೆ ಕೋಣೆಯಲ್ಲಿ ತೊಳೆದು, ಕ್ಲಿಪ್ಪು ಹಾಕಿ ಒಣಗಿಸುತ್ತಿದ್ದರು. ಕೆಲವು ವರ್ಷಗಳ ನಂತರ ಹೊಸ ಯಂತ್ರ ಬಂದು ಚಿತ್ರ ನೇರವಾಗಿ ಕಂಪ್ಯೂಟರಿಗೆ ಬರತೊಡಗಿತು, ರೋಗಿಗೆ ಕೊಡಲು ಅದರದೊಂದು ಪ್ರತಿಯನ್ನು ಫಿಲ್ಮಿನ ಮೇಲೆ ಅಚ್ಚು ಹಾಕುತ್ತಿದ್ದೆವು. ಕತ್ತಲೆ ಕೋಣೆ ಸಾಮಾನು ಇಡುವ ಜಾಗವಾಯಿತು. ಖಾಸಿಂ ಸಾಬರು ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ತಮ್ಮ ಬೆರಳಿಗೆ ಅಂಟಿದ್ದ ಫಿಲ್ಮು ತೊಳೆಯುವ ಔಷಧಿಯ ವಾಸನೆ ಹೋಗಿಬಿಟ್ಟರೆ ಮನೆಯಲ್ಲಿ ಗುರುತು ಹಿಡಿಯುವುದಿಲ್ಲ ಎಂದು ತಮಾಷೆ ಮಾಡುತ್ತಲೇ ಸಂಕಟಪಟ್ಟರು. ಆಮೇಲೆ ಅವರಷ್ಟು ಚುರುಕಾಗಿ ಆ ಯಂತ್ರವನ್ನು ಬಳಸಿದವರು ಯಾರೂ ಇಲ್ಲ.

ಬಿಡುವಿನಲ್ಲಿ ಹೊರಗಿನವರ ಫೈಲುಗಳನ್ನೂ ನೋಡಿಕೊಡುತ್ತಿದ್ದೆ, ಡಾಕ್ಟರು ಬೇಡ ಅನ್ನುತ್ತಿರಲಿಲ್ಲ. ಹಗರಿಬೊಮ್ಮನಹಳ್ಳಿಯ ಫೋಟೋಗ್ರಾಫರ್ ಮಂಜಣ್ಣ ಒಮ್ಮೆ ಬೆವರು ಒರೆಸಿಕೊಳ್ಳುತ್ತಾ ಬಂದ. ಮದುವೆಯ ಫೋಟೋಗಳಿದ್ದ ಮೆಮೊರಿ ಕಾರ್ಡು ಖಾಲಿ ಕಾಣುತ್ತಿತ್ತು. "ಅಕ್ಕಾ, ಧಾರಿ ಫೋಟೋನೂ ಇದ್ರಾಗ ಐತಿ. ಇನ್ನೊಮ್ಮೆ ಧಾರಿ ಎರೀರಿ ಅನ್ನಾಕ ಬರ್ತತೇನು?"

ಫೋಟೋದ ಫೈಲುಗಳು ಯಾವಾಗಲೂ ಒಂದೇ ಗುರುತಿನಿಂದ ಶುರುವಾಗುತ್ತವೆ. ಕಾರ್ಡಿನ ನಕಲು ಮಾಡಿಕೊಂಡು, ಆ ಗುರುತು ಎಲ್ಲೆಲ್ಲಿ ಇದೆಯೋ ಹುಡುಕಿ, ಅಲ್ಲಿಗೆ ಹೋಗಿ ಓದುವ ಪ್ರೋಗ್ರಾಮು ಬರೆದೆ. ಮದುವೆ ಬಂತು. ಅದರ ಜೊತೆಗೆ ಮಂಜಣ್ಣ ಯಾವಾಗಲೋ ಅಳಿಸಿದ್ದ ಬೇರೆ ಮನೆಗಳ ಫೋಟೋಗಳೂ ಎದ್ದು ಬಂದವು. ಯಾರದೋ ಮನೆಯ ಜಗಳದ ಚಿತ್ರ, ಅಳುತ್ತಿದ್ದ ಒಬ್ಬ ಹೆಂಗಸು. ಅವಳನ್ನು ನಾನು ಗುರುತಿಸಿದೆ. ಆ ಕ್ಷಣವೇ ಆ ಫೋಟೋಗಳನ್ನು ಮುಚ್ಚಿ ನನ್ನ ನಕಲಿನಿಂದ ಅಳಿಸಿದೆ. ಮಂಜಣ್ಣನಿಗೆ ಮದುವೆಯದನ್ನಷ್ಟೇ ಕೊಟ್ಟೆ. ಆ ಹೆಂಗಸು ಆಮೇಲೆ ಸಂತೆಯಲ್ಲಿ ಸಿಕ್ಕಾಗ ನಾನು ಎಂದಿನಂತೆ, "ಆರಾಮೇನವ್ವ?" ಅಂದೆ. ನಮಗೆ ಎಲ್ಲಿಂದ ಬೇಕಾದರೂ ಓದುವ ವಿದ್ಯೆ ಬರುತ್ತದೆ. ಯಾವುದನ್ನು ಓದಬಾರದು ಎಂಬುದನ್ನು ಯಾವ ಪುಸ್ತಕವೂ ಹೇಳಿಕೊಡುವುದಿಲ್ಲ. ಅದನ್ನು ಮನೆಯಿಂದ ತರಬೇಕು.

ಈಗ ದುರುಗಮ್ಮನ ವಿಷಯಕ್ಕೆ ಬರುತ್ತೇನೆ.

ದುರುಗಮ್ಮ ಚಿಗಟೇರಿಯವಳು, ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡುತ್ತಿದ್ದಳು. ಐವತ್ತರ ಆಸುಪಾಸು. ಕೆಮ್ಮು ಹೋಗಲಿಲ್ಲವೆಂದು ಅವಳ ತಮ್ಮ ಹಾಲಪ್ಪ ಕರೆದುಕೊಂಡು ಬಂದಿದ್ದ. ಎಕ್ಸ್‌ರೇಯಲ್ಲಿ ಬಲಗಡೆ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ದುಂಡನೆಯ ಬಿಳಿ ಚುಕ್ಕೆ ಕಂಡಿತು. ಡಾಕ್ಟರು ಬಹಳ ಹೊತ್ತು ನೋಡಿದರು. ಆಮೇಲೆ ಅವಳನ್ನು ಒಳಗೆ ಕರೆಸಿ, ದಾವಣಗೆರೆಯ ದೊಡ್ಡ ಆಸ್ಪತ್ರೆಯಲ್ಲಿ ಸೂಜಿ ಹಾಕಿ ಪರೀಕ್ಷೆ ಮಾಡಬೇಕಾಗಬಹುದು ಎಂದರು.

ದುರುಗಮ್ಮ ನೇರವಾಗಿ ಕೇಳಿದಳು: "ದೊಡ್ಡ ರೋಗ ಏನ್ರಿ ಸರ?"

"ಗೊತ್ತಿಲ್ಲ. ಹೊಸದಾಗಿ ಬಂದಿದ್ದರೆ ಯೋಚಿಸಬೇಕು. ಹಳೆಯದಾಗಿದ್ದು ಬೆಳೆಯದೆ ಹಾಗೇ ಇದ್ದರೆ ಹೆದರಿಕೆ ಕಡಿಮೆ. ಮೊದಲು ಯಾವಾಗಾದರೂ ಎದೆಯ ಎಕ್ಸ್‌ರೇ ತೆಗೆಸಿದ್ದೆಯಾ?"

ಹಾಲಪ್ಪ ಮುಂದೆ ಬಂದ. "ಇಲ್ಲೇ ತೆಗಸಿದ್ವಲ್ರಿ. ಅಕ್ಕ ಟ್ರ್ಯಾಕ್ಟರ್ ಮ್ಯಾಲಿಂದ ಬಿದ್ದಾಗ. ಎಂಟೊಂಬತ್ತು ವರ್ಷ ಆತು."

"ಆ ಫಿಲ್ಮು ಎಲ್ಲಿ?"

ಹಾಲಪ್ಪ ಅಕ್ಕನ ಮುಖ ನೋಡಿದ. "ಗ್ರಾಣ ಹಿಡಿದಾಗ ಸೂರ್ಯನ್ನ ನೋಡಾಕ ಹುಡುಗ್ರು ಕತ್ತರಿಸ್ಕೊಂಡು ಹೋದ್ರ್ರಿ."

ಖಾಸಿಂ ಸಾಬರು ಹಣೆ ಬಡಿದುಕೊಂಡರು. ಉಳಿದಿದ್ದು ಒಂದೇ ದಾರಿ, ನಮ್ಮ ಹಳೆಯ ಡಿಸ್ಕು. ಆದರೆ ಒಂದು ಬೇಸಿಗೆಯಲ್ಲಿ ಕರೆಂಟು ಏರುಪೇರಾಗಿ ಆ ಡಿಸ್ಕು ಕೆಟ್ಟಿತ್ತು. ಆಗ ಸಿಕ್ಕಿದ್ದನ್ನೆಲ್ಲ ಎತ್ತಿ ಬೇರೆ ಡಿಸ್ಕಿಗೆ ತುಂಬಿಟ್ಟಿದ್ದೆ. ಹೆಚ್ಚಿನವು ತೆರೆಯುತ್ತಿದ್ದವು. ಕೆಲವಕ್ಕೆ ತಲೆಯೇ ಹೋಗಿತ್ತು. ನಮ್ಮ ಎಕ್ಸ್‌ರೇ ಫೈಲುಗಳಲ್ಲಿ ರೋಗಿಯ ಹೆಸರು ಇರುವುದೂ ಆ ತಲೆಯಲ್ಲೇ. ದುರುಗಮ್ಮನ ಚಿತ್ರ ತೆರೆಯುವ ಫೈಲುಗಳಲ್ಲಿ ಇರಲಿಲ್ಲ. ಇದ್ದರೆ ಹೆಸರಿಲ್ಲದ ಆ ರಾಶಿಯಲ್ಲಿ ಇರಬೇಕಿತ್ತು.

ಅವಳ ಹಳೆಯ ವರದಿ ಮಾತ್ರ ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ಸಿಕ್ಕಿತು. ಅದನ್ನು ಡಾಕ್ಟರಿಗೆ ತೋರಿಸಿದೆ. 'ಪಕ್ಕೆಲುಬು ಮುರಿದಿಲ್ಲ. ಶ್ವಾಸಕೋಶಗಳು ಸರಿಯಾಗಿವೆ' ಎಂದಿತ್ತು. ಕೆಳಗೆ ವಾಮದೇವಪ್ಪ ಡಾಕ್ಟರದೇ ಹೆಸರು. ಅವರು ಓದಿ, ದುರುಗಮ್ಮನನ್ನು ಮರುದಿನ ಬರಲು ಹೇಳಿ ಕಳಿಸಿ, ಬಾಗಿಲು ಹಾಕಿಕೊಂಡರು.

"ಕೊಟ್ರಮ್ಮ, ಈ ವರದಿ ಸರಿಯಾಗಿದ್ದರೆ ಚುಕ್ಕೆ ಆಮೇಲೆ ಬಂದದ್ದು. ಅವಳಿಗೆ ಕಷ್ಟ. ವರದಿ ತಪ್ಪಾಗಿದ್ದರೆ, ಚುಕ್ಕೆ ಆಗಲೂ ಇತ್ತು, ನಾನು ನೋಡಲಿಲ್ಲ."

ಅವರು ವರದಿಯ ಹಾಳೆಯನ್ನು ಮೇಜಿನ ಮೇಲಿಟ್ಟರು.

"ಪಕ್ಕೆಲುಬು ನೋಡುವ ಅವಸರದಲ್ಲಿ ಬಿಟ್ಟಿರಬಹುದು. ಆ ಫೈಲು ಹುಡುಕು. ನಾನು ತಪ್ಪಿದ್ದೇ ಆಗಲಿ."

ಕಾಗುಣಿತ ತಪ್ಪಿದರೆ ಸಿಡುಕುವ ಮನುಷ್ಯ ತಾನು ತಪ್ಪಿರಲಿ ಎಂದು ಹಾರೈಸುತ್ತಿದ್ದ. ಆಗ ಅವರ ಮೇಲೆ ನನಗೆ ಹುಟ್ಟಿದ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ.

ಮರುದಿನ ಬೆಳಿಗ್ಗೆ ಬೇಗ ಬಂದು ಕೂತೆ. ತಲೆ ಹೋದ ಫೈಲುಗಳ ನಕಲು ಮಾಡಿಕೊಂಡೆ. ಆರಂಭದಿಂದ ಎಣಿಸುವ ಹಾಗಿರಲಿಲ್ಲ, ಏಕೆಂದರೆ ಹಾಳಾದದ್ದು ಆರಂಭವೇ, ತಲೆ ಎಷ್ಟು ಉದ್ದವಿತ್ತೋ ಗೊತ್ತಿಲ್ಲ. ಆದರೆ ನಮ್ಮ ಯಂತ್ರದ ಫೈಲುಗಳಲ್ಲಿ ಚಿತ್ರ ಇರುವುದು ಯಾವಾಗಲೂ ಕಡೆಗೆ, ಅದರ ನಂತರ ಏನೂ ಇರುವುದಿಲ್ಲ. ಅದೇ ಕಾಲದ ಒಂದು ಚೆನ್ನಾಗಿರುವ ಫೈಲನ್ನು ತೆರೆದು ಚಿತ್ರದ ಉದ್ದ ಅಗಲ ತೆಗೆದುಕೊಂಡೆ. ಉದ್ದವನ್ನು ಅಗಲದಿಂದ ಗುಣಿಸಿ, ಪ್ರತಿ ಬಿಂದುವಿಗೆ ಎರಡು ಬೈಟಿನಂತೆ ಲೆಕ್ಕ ಹಾಕಿದೆ. ಪೈಥಾನಿನಲ್ಲಿ, ಫೈಲನ್ನು ಓದಲು ಮಾತ್ರ ತೆರೆ, ಕಡೆಯಿಂದ ಅಷ್ಟು ಹಿಂದಕ್ಕೆ ಹೋಗು, ಅಲ್ಲಿಂದ ಅಷ್ಟನ್ನೂ ಓದು, ಸಾಲು ಸಾಲಾಗಿ ಜೋಡಿಸಿ ತೋರಿಸು ಎಂದು ಬರೆದೆ.

ಮೊದಲ ಚಿತ್ರ ಬಂತು. ಗಾಳಿಗೆ ವಾಲಿದ ಜೋಳದ ಹೊಲದಂತೆ ಎಲ್ಲ ಓರೆಗೆರೆಗಳು. ಹಿಂದೆ ನಿಂತಿದ್ದ ಖಾಸಿಂ ಸಾಬರು, "ಇದು ಮನಷ್ಯಾರದಲ್ಲ ಬೇಟಿ," ಅಂದರು.

ಅಗಲ ತಪ್ಪಾಗಿತ್ತು. ಸಾಲು ಎಲ್ಲಿ ಮುಗಿಯಬೇಕೋ ಅಲ್ಲಿ ಮುಗಿಯದೆ ಮುಂದಿನ ಸಾಲಿಗೆ ಚೂರು ಚೂರೇ ಜಾರುತ್ತಿತ್ತು. "ಸಾಬ್ರ, ನೀವು ಆಗ ಎಕ್ಸ್‌ರೇ ತೆಗೆಯೋವಾಗ ಎದಿ ಹಿಂದ ಇಡ್ತಿದ್ದ ಪ್ಲೇಟುಗಳಲ್ಲಿ ದೊಡ್ಡದು ಸಣ್ಣದು ಇದ್ವಾ?"

"ಇದ್ವಲ್ಲ. ಹೆಣ್ಮಕ್ಕಳಿಗೆ, ಸಣ್ಣ ಆಳಿಗೆ, ಸಣ್ಣ ಪ್ಲೇಟು ಹಾಕ್ತಿದ್ದೆ."

ಸಣ್ಣ ಪ್ಲೇಟಿನ ಇನ್ನೊಂದು ಫೈಲು ಹುಡುಕಿ, ಅದರ ಅಳತೆ ತೆಗೆದುಕೊಂಡು ಮತ್ತೆ ಓಡಿಸಿದೆ. ಓರೆಗೆರೆಗಳೆಲ್ಲ ನೆಟ್ಟಗಾಗಿ, ಪಕ್ಕೆಲುಬುಗಳು ಎದ್ದು ಬಂದವು. ಎಷ್ಟೋ ವರ್ಷ ಯಾರಿಗೂ ಕಾಣದೆ ಬಿದ್ದಿದ್ದ ಒಂದು ಎದೆಗೂಡು ಪರದೆಯ ತುಂಬ ನಿಂತಿತು. ಖಾಸಿಂ ಸಾಬರು "ಯಾ ಅಲ್ಲಾ" ಎಂದು ಕುರ್ಚಿ ಎಳೆದುಕೊಂಡು ಕೂತರು.

ರಾಶಿಯಲ್ಲಿದ್ದ ಫೈಲುಗಳನ್ನೆಲ್ಲ ಹೀಗೆ ಚಿತ್ರವಾಗಿಸಿದೆವು. ಈಗ ಬಂದದ್ದು ಇನ್ನೊಂದು ಕಷ್ಟ. ಹೆಚ್ಚಿನವೆಲ್ಲ ಎದೆ, ಯಾವುದಕ್ಕೂ ಹೆಸರಿಲ್ಲ. ಯಾರದೋ ಎದೆಯನ್ನು ದುರುಗಮ್ಮನದೆಂದು ತೋರಿಸುವುದಕ್ಕಿಂತ ತೋರಿಸದಿರುವುದೇ ಮೇಲು. ಇಲ್ಲಿ ನಮಗೆ ನೆರವಾದದ್ದು ಡಾಕ್ಟರ ಹಟ. ಫಿಲ್ಮಿನ ಕಾಲದಲ್ಲಿ ಸೀಸದ ಅಂಕಿಗಳನ್ನು ಪ್ಲೇಟಿನ ಮೂಲೆಗೆ ಅಂಟಿಸಿ ರೋಗಿಯ ನಂಬರು ಚಿತ್ರದಲ್ಲೇ ಮೂಡುವಂತೆ ಮಾಡುತ್ತಿದ್ದರು. ಹೊಸ ಯಂತ್ರ ಬಂದ ಮೇಲೂ ಅದನ್ನು ಬಿಡಲು ಡಾಕ್ಟರು ಒಪ್ಪಿರಲಿಲ್ಲ. 'ಹೆಸರು ಕಂಪ್ಯೂಟರಿನಾಗ ಬರ್ತತಲ್ರಿ, ಮತ್ತ ಈ ಸೀಸ ಯಾಕ?' ಎಂದು ಖಾಸಿಂ ಸಾಬರು ಗೊಣಗುತ್ತಲೇ ವರ್ಷಗಟ್ಟಲೆ ಅಂಟಿಸಿದ್ದರು. ಹೆಸರು ಹೋದ ಆ ಚಿತ್ರಗಳ ಮೂಲೆಯಲ್ಲಿ ಈಗ ಬಿಳಿ ಅಂಕಿಗಳು ಹೊಳೆಯುತ್ತಿದ್ದವು.

ದುರುಗಮ್ಮನ ವರದಿಯಲ್ಲಿದ್ದ ನಂಬರನ್ನು ಹಿಡಿದು ಒಂದೊಂದೇ ನೋಡಿದೆವು. ಒಂದರಲ್ಲಿ ಎಲ್ಲ ಅಂಕಿಯೂ ಹೊಂದಿತು, ಕೊನೆಯದೊಂದು ಮಾತ್ರ ಅಂಚಿಗೆ ಜಾರಿ ಅರ್ಧವಷ್ಟೇ ಕಾಣುತ್ತಿತ್ತು. ಮೂರಿರಬಹುದು, ಎಂಟೂ ಇರಬಹುದು. ದುರುಗಮ್ಮನದು ಮೂರು. ಎಂಟು ಬೇರೆ ಯಾರೋ.

ಡಾಕ್ಟರು ಬಂದರು. ಆ ಚಿತ್ರದಲ್ಲಿ ಬಲಗಡೆ ಮೇಲೆ ಒಂದು ದುಂಡನೆಯ ಚುಕ್ಕೆ ಇತ್ತು. ನನಗೂ ಕಾಣುತ್ತಿತ್ತು. ನನ್ನ ಬಾಯಿಂದ "ಸರ, ಐತ್ರಿ!" ಎಂದು ಹೊರಟುಬಿಟ್ಟಿತು.

"ಚುಕ್ಕೆ ಇದೆ. ಆದರೆ ಇದು ಅವಳದೇ ಅಂತ ಹೇಗೆ ಹೇಳುತ್ತೀ? ಅರ್ಧ ಅಂಕಿಯ ಮೇಲೆ ನಾನು ಮಾತಾಡುವುದಿಲ್ಲ."

ಅವರು ನಿನ್ನೆಯ ಹೊಸ ಚಿತ್ರವನ್ನು ಪಕ್ಕದಲ್ಲಿ ತೆರೆಸಿದರು. ಚುಕ್ಕೆಯ ಕಡೆ ನೋಡಲೇ ಇಲ್ಲ. ಕತ್ತಿನ ಮೂಳೆಯಿಂದ ಶುರು ಮಾಡಿ ಒಂದೊಂದು ಪಕ್ಕೆಲುಬಿನ ಮೇಲೂ ಪೆನ್ನಿನ ತುದಿ ಆಡಿಸುತ್ತಾ ಇಳಿದರು. ಎಡಗಡೆಯ ನಾಲ್ಕನೆಯದರ ಹತ್ತಿರ ಪೆನ್ನು ನಿಂತಿತು. ಆ ಪಕ್ಕೆಲುಬಿನ ಮುಂದಿನ ತುದಿ ಮರದ ಕೊಂಬೆಯಂತೆ ಎರಡು ಕವಲಾಗಿತ್ತು. ಹಳೆಯ ಚಿತ್ರಕ್ಕೆ ತಿರುಗಿದರು. ಅಲ್ಲೂ ಅದೇ ಪಕ್ಕೆಲುಬು, ಅದೇ ಕವಲು.

"ಹುಟ್ಟಿನಿಂದ ಬಂದದ್ದು ಇದು. ನೂರಾರು ಜನರಲ್ಲಿ ಒಬ್ಬರಿಗೆ ಇದ್ದರೆ ಹೆಚ್ಚು," ಎಂದು ಕುರ್ಚಿಗೆ ಒರಗಿದರು. ಆಮೇಲಷ್ಟೇ ಎರಡು ಚುಕ್ಕೆಗಳನ್ನು ಅಳೆದರು. ಒಮ್ಮೆ ಅಳೆದು, ನನ್ನ ಕೈಲೂ ಅಳೆಸಿದರು. ಬೆಳೆದಿರಲಿಲ್ಲ. ಅಂಚು ಕೂಡ ಹಾಗೇ ಇತ್ತು.

ದುರುಗಮ್ಮ ಮತ್ತು ಹಾಲಪ್ಪ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಡಾಕ್ಟರು ಅವರನ್ನು ಒಳಗೆ ಕರೆದು, ಎರಡೂ ಚಿತ್ರಗಳನ್ನು ಅವಳ ಕಡೆ ತಿರುಗಿಸಿದರು.

"ನೋಡಮ್ಮ, ಇದು ಆಗಿನದು, ಇದು ಈಗಿನದು. ಚುಕ್ಕೆ ಅಷ್ಟೇ ಇದೆ. ಯಾವಾಗಲೋ ಆಗಿ ಮಾಗಿದ ಗಾಯದ ಕಲೆ ಇದ್ದ ಹಾಗಿದೆ. ಕಫದ ಪರೀಕ್ಷೆ ಮಾಡಿಸೋಣ, ಮೂರು ತಿಂಗಳು ಬಿಟ್ಟು ಇನ್ನೊಂದು ಎಕ್ಸ್‌ರೇ ನೋಡೋಣ. ಈಗ ಸೂಜಿ ಬೇಡ, ದಾವಣಗೆರೆ ಬೇಡ." ಒಂದು ಕ್ಷಣ ನಿಲ್ಲಿಸಿ, "ಇನ್ನೊಂದು ಮಾತು. ಆವತ್ತೇ ನಾನು ಇದನ್ನು ನೋಡಿ ಹೇಳಬೇಕಿತ್ತು. ನೋಡಲಿಲ್ಲ. ತಪ್ಪಾಯಿತು," ಎಂದರು.

ದುರುಗಮ್ಮ ಆ ಚಿತ್ರವನ್ನೇ ನೋಡುತ್ತಿದ್ದವಳು ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದಳು:

"ಛಲೋ ಆತು ಬಿಡ್ರಿ ಸರ. ಆವತ್ತ ಹೇಳಿದ್ರ ಇಷ್ಟೂ ವರ್ಷ ಅಂಜಿಕೀಲೇ ಸಾಯ್ತಿದ್ದೆ. ನೀವು ನೋಡ್ದ ಇದ್ದಿದ್ದಕ್ಕ ಆರಾಮ ಬದುಕೀನಿ."

ವಾಮದೇವಪ್ಪ ಡಾಕ್ಟರು ನಕ್ಕದ್ದನ್ನು ನಾನು ಅಷ್ಟು ವರ್ಷಗಳಲ್ಲಿ ನೋಡಿದ್ದು ಕಡಿಮೆ. ಅವತ್ತು ನೋಡಿದೆ.

ಕಫದ ಪರೀಕ್ಷೆಯಲ್ಲಿ ಏನೂ ಬರಲಿಲ್ಲ. ಮೂರು ತಿಂಗಳ ನಂತರದ ಎಕ್ಸ್‌ರೇಯಲ್ಲೂ ಚುಕ್ಕೆ ಇದ್ದಷ್ಟೇ ಇತ್ತು. ಕೆಮ್ಮು ಒಗ್ಗರಣೆಯ ಹೊಗೆಯದೆಂದು ತಿಳಿದು, ಶಾಲೆಯವರು ಅಡುಗೆಕೋಣೆಗೆ ಒಂದು ದೊಡ್ಡ ಕಿಟಕಿ ಇಡಿಸಿದರು. ತಲೆ ಹೋದ ಉಳಿದ ಚಿತ್ರಗಳಿಗೂ ಆ ತಿಂಗಳು ನಾವು ನಂಬರು ಹೊಂದಿಸಿ, ಡಾಕ್ಟರು ನೋಡಿ ಒಪ್ಪಿದ ಮೇಲೆ ಹೆಸರು ಕೊಟ್ಟು ಜೋಡಿಸಿದೆವು. ನನಗೆ ದಾರಿ ತೋರಿದ ಮೇಷ್ಟ್ರು, ನನ್ನ ಹಿಂದೆ ನಿಂತ ಸಾಬರು, ನಂಬಿ ಕೆಲಸ ಕೊಟ್ಟ ಡಾಕ್ಟರು, ಇವರಲ್ಲಿ ಒಬ್ಬರು ಇಲ್ಲದಿದ್ದರೂ ನಾನು ಬರೀ ಗುಂಡಿ ಒತ್ತುವವಳಾಗಿ ನಿವೃತ್ತಳಾಗುತ್ತಿದ್ದೆ.

ಅವತ್ತಿನ ಮಧ್ಯಾಹ್ನದ ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ಡಾಕ್ಟರ ಕೋಣೆಯಿಂದ ಹೊರಗೆ ಬಂದ ದುರುಗಮ್ಮ ನನ್ನ ಮೇಜಿನ ಹತ್ತಿರ ನಿಂತಳು. ಥ್ಯಾಂಕ್ಸ್ ಹೇಳುತ್ತಾಳೇನೋ ಅಂದುಕೊಂಡೆ. ಅವಳು ದನಿ ತಗ್ಗಿಸಿ, "ಯಕ್ಕಾ, ಇಲ್ಲಿ ಉಣ್ಣಾಕ ಎಲ್ಲಿ ಛಲೋ ಸಿಗ್ತತಿ?" ಎಂದಳು.

ನಾನೇ ಕರೆದುಕೊಂಡು ಹೋದೆ. ಹತ್ತಿರದಲ್ಲೇ ಒಂದು ಖಾನಾವಳಿ. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ, ಮೊಸರು ಬಂತು. ಹಾಲಪ್ಪ ಒಂದು ತುತ್ತನ್ನೂ ಬಾಯಿಗೆ ಹಾಕದೆ ಅಕ್ಕನನ್ನೇ ನೋಡುತ್ತಾ ಕೂತಿದ್ದ. "ಊರಾಗಿನ ಡಾಕ್ಟ್ರು ಎಕ್ಸ್‌ರೇ ತೆಗಸ್ರಿ ಅಂದಾಗಿಂದ ಈಕಿ ಸರಿಯಾಗಿ ಉಂಡೇ ಇಲ್ರಿ. ದಿನಾ ಸಾಲಿ ಹುಡುಗ್ರಿಗೆಲ್ಲ ಉಣ್ಣಾಕ ನೀಡ್ತಾಳ, ತಾನು ಗಂಗಾಳ ಮುಟ್ಟಂಗಿಲ್ಲ," ಎಂದು ನನಗೆ ಹೇಳಿದ.

ದುರುಗಮ್ಮ ಅವನ ಮಾತು ಕೇಳಿಸಿಕೊಳ್ಳುತ್ತಿರಲಿಲ್ಲ. ರೊಟ್ಟಿ ಮುರಿದು ಎಣಗಾಯಿಗೆ ಒತ್ತಿ ಬಾಯಿಗಿಟ್ಟು, ಅಗಿದು, ಮತ್ತೆ ಮುರಿದಳು. ರೊಟ್ಟಿ ತಟ್ಟುತ್ತಿದ್ದ ಖಾನಾವಳಿಯ ಹೆಂಗಸು ಒಲೆಯ ಹತ್ತಿರದಿಂದಲೇ, "ಇನ್ನೊಂದು ಹಾಕ್ಲೇನವ್ವ?" ಎಂದು ಕೂಗಿದಳು.

"ಹಾಕ್ರಿ," ಅಂದಳು ದುರುಗಮ್ಮ, ತುಂಬಿದ ಬಾಯಲ್ಲೇ. "ಆದ್ರ ಎಣಗಾಯಿಗೆ ಉಪ್ಪು ಸ್ವಲ್ಪ ಕಡಿಮಿ ಆಗೈತಿ ನೋಡ್ರಿ."